ಕ್ಯಾಸೆಟ್ಟಿಗೆ ಅಂಟಿಸಿದ ಪ್ಲಾಸ್ಟರು

ಕಳೆದ ವಾರ ರಕ್ತಪರೀಕ್ಷೆಗೆಂದು ಕ್ಲಿನಿಕ್ಕಿಗೆ ಹೋಗಿದ್ದೆ. ನರ್ಸ್ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಮೊಣಕೈಯ ಒಳಭಾಗವನ್ನು ಒರೆಸಿ, ಸೂಜಿಯನ್ನು ಹೊರತೆಗೆದ ಮೇಲೆ ಮೈಬಣ್ಣದ ಪುಟ್ಟ ಪ್ಲಾಸ್ಟರೊಂದನ್ನು ಆ ಜಾಗಕ್ಕೆ ಒತ್ತಿದರು. ಸ್ಪಿರಿಟ್ಟಿನ ತಣ್ಣನೆಯ ಆ ವಾಸನೆ, ಚರ್ಮವನ್ನು ಹಿಡಿದುಕೊಂಡ ಆ ಅಂಟು... ಮುಂದಿನವರ ಸರದಿ ಬಂದರೂ ನಾನು ಕುರ್ಚಿಯಿಂದ ಏಳಲಿಲ್ಲ. ತಲೆ ಸುತ್ತುತ್ತಿದೆಯೇ ಎಂದು ಅವರು ವಿಚಾರಿಸಿದರು. ಇಲ್ಲವೆಂದೆ. ಆಗ ನಾನಿದ್ದದ್ದು ಎಷ್ಟೋ ವರ್ಷ ಹಿಂದಿನ, ಅದ್ಲಿಯಾ ಬಡಾವಣೆಯ ಒಂದು ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಎದುರಿಗೆ ಒಬ್ಬ ಮುದುಕ ಹತ್ತಿಯ ಉಂಡೆಯಿಂದ ಟೇಪ್‌ರೆಕಾರ್ಡರಿನ ಬಾಯಿಯನ್ನು, ಹಸುಗೂಸಿನ ಕಿವಿ ಒರೆಸುವಷ್ಟು ಮೆಲ್ಲಗೆ, ಒರೆಸುತ್ತಿದ್ದ.

ನಾವೆಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಉಳ್ಳಾಲದ ಕಡೆಯ ಬ್ಯಾರಿ ಅವರು. ದಿನಸಿ, ಹಾಲು, ಮೊಟ್ಟೆ, ಫೋನ್ ಕಾರ್ಡು ಮಾರುವ ಸಣ್ಣ ಅಂಗಡಿಯನ್ನು ಗಲ್ಫಿನ ಈ ದ್ವೀಪದಲ್ಲಿ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಅಂಥದೊಂದು ಕೋಲ್ಡ್ ಸ್ಟೋರ್ ನಮ್ಮ ಕಟ್ಟಡದ ಕೆಳಗೇ ಇತ್ತು, ಕಾಕಾ ಅದರ ಮಾಲೀಕರು. ನಾನು ಆಗ ಕಚೇರಿಯ ಕೆಲಸ ಮುಗಿಸಿ ಉಳಿದ ಸಮಯವನ್ನೆಲ್ಲ ನಮ್ಮ ಕನ್ನಡಿಗರ ಸಂಘದ ಸುಧಾರಣೆಗೆ ಮುಡಿಪಾಗಿಟ್ಟಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದವನು. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಲೋಕ ತಿದ್ದಿಕೊಳ್ಳುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಸಂಘದ ಆಮಂತ್ರಣ ಪತ್ರಿಕೆಗಳಲ್ಲಿ ಹೆಂಗಸರನ್ನು ಗಂಡಂದಿರ ಹೆಸರಿನ ಹಿಂದೆ ಅಡಗಿಸದೆ ಅವರವರ ಹೆಸರನ್ನೇ ಅಚ್ಚು ಹಾಕಬೇಕೆಂದು ಆ ವರ್ಷ ಹೋರಾಡುತ್ತಿದ್ದೆ.

"ಎಂತ ಮಾಸ್ಟ್ರೇ, ಇವತ್ತು ಯಾರನ್ನು ಉದ್ಧಾರ ಮಾಡಿ ಬಂದ್ರಿ?" ಎಂದು ಕಾಕಾ ಪ್ರತಿ ಸಂಜೆ ಕೇಳುತ್ತಿದ್ದರು. ನಾನು ಮಾಸ್ತರನಲ್ಲವೆಂದು ಎಷ್ಟು ಬಾರಿ ಹೇಳಿದರೂ, "ಇಷ್ಟು ಮಾತಾಡುವವರು ಬೇರೆ ಎಂತ ಆಗ್ಲಿಕ್ಕೆ ಸಾಧ್ಯ ಮಾರಾಯ್ರೆ?" ಎಂದು ನಕ್ಕುಬಿಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಊಟದ ನಂತರ ಅಂಗಡಿಯ ಶಟರು ಅರ್ಧ ಇಳಿದಿರುತ್ತಿತ್ತು. ಆ ಹೊತ್ತಿನಲ್ಲಿ ಮೆಟ್ಟಿಲಿಳಿದು ಬಂದರೆ ವಿಚಿತ್ರವೊಂದು ಕಿವಿಗೆ ಬೀಳುತ್ತಿತ್ತು. ಬಹಳ ಹೊತ್ತು ಒಳಗೆ ಮೌನ, ಅಥವಾ ಮೌನಕ್ಕೆ ಸಮೀಪವಾದ ಯಾವುದೋ ಪಿಸುಗುಟ್ಟುವಿಕೆ. ಆಮೇಲೆ ಇದ್ದಕ್ಕಿದ್ದಂತೆ ಶಟರು ನಡುಗುವಷ್ಟು ಗದ್ದಲ. ಕಾಲು ಕುಟ್ಟುವ ಸದ್ದು, ಗಿಟಾರು, ಮರಳುಕಾಗದದಿಂದ ಉಜ್ಜಿದಂಥ ಗಂಟಲಿನ ಗಾಯಕ, ಶ್ರುತಿಯ ಹಂಗಿಲ್ಲದೆ ಒಟ್ಟಾಗಿ ಅರಚುವ ಗೆಳೆಯರು, ಅಳಿಸಲು ಮರೆತಂತೆ ಹಾಡಿನ ಕೊನೆಯಲ್ಲಿ ಉಳಿದುಹೋದ ನಗು. ಎಪ್ಪತ್ತರ ದಶಕದ ಆರಂಭದಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ರಾಕ್ ತಂಡವೊಂದರ ಆಲ್ಬಮ್ ಅದು. ಐದು ಹೊತ್ತು ನಮಾಜು ಮಾಡುವ, ಅಂಗಡಿಯಲ್ಲಿ ರೇಡಿಯೋ ಸಹ ಇಡದ ಮನುಷ್ಯನಿಗೂ ಕುಡುಕರ ಸಂತೋಷಕೂಟದಂತಿದ್ದ ಆ ಸಂಗೀತಕ್ಕೂ ಏನು ಸಂಬಂಧವೆಂದು ನನಗೆ ಅರ್ಥವಾಗಿರಲಿಲ್ಲ.

ಅದನ್ನು ಅವರಾಗಿಯೇ ಹೇಳಿದ್ದು ಒಂದು ಬೇಸಿಗೆಯಲ್ಲಿ, ವಿದ್ಯುತ್ತು ಹೋಗಿ ಇಬ್ಬರೂ ಅಂಗಡಿಯ ಹೊರಗೆ ಕುಳಿತಿದ್ದಾಗ.

ಈ ಊರಿಗೆ ಬಂದ ಹೊಸತರಲ್ಲಿ ಅವರು ಒಬ್ಬ ಇಂಗ್ಲಿಷ್ ಎಂಜಿನಿಯರನ ಕಾರು ಓಡಿಸುತ್ತಿದ್ದರಂತೆ. ಆ ಸಾಹೇಬ ಕಾರಿನಲ್ಲಿ ಇದೊಂದೇ ಕ್ಯಾಸೆಟ್ಟನ್ನು ಹಾಕಿಸಿ, ಡ್ಯಾಶ್‌ಬೋರ್ಡಿಗೆ ಅಂಗೈ ಬಡಿಯುತ್ತ ಹಾಡುತ್ತಿದ್ದ. ಒಂದಕ್ಷರ ತಿಳಿಯದಿದ್ದರೂ ಕಾಕಾ ಸಹ ಸ್ಟೇರಿಂಗಿನ ಮೇಲೆ ಬೆರಳು ಕುಣಿಸಲು ಕಲಿತರು. "ಮದುವೆಯಾಗಿ ಎರಡನೇ ವರ್ಷಕ್ಕೇ ಬಂದವ ನಾನು. ನಕ್ಕದ್ದು ಅಂತ ಇದ್ರೆ ಆ ಕಾರಿನಲ್ಲಿ ಮಾತ್ರ," ಎಂದರು. ಸಾಹೇಬ ದೇಶಕ್ಕೆ ಮರಳುವಾಗ ಕ್ಯಾಸೆಟ್ಟನ್ನು ಅವರ ಕೈಗಿಟ್ಟು ಹೋದ. ಕಾಕಾ ಅದನ್ನು ಊರಿಗೆ ಹೊರಟಿದ್ದ ಪರಿಚಿತರೊಬ್ಬರ ಕೈಯಲ್ಲಿ ಹೆಂಡತಿಗೆ ಕಳುಹಿಸಿದರು. ತಾನು ಇಲ್ಲಿ ದಿನವಿಡೀ ಏನು ಕೇಳುತ್ತೇನೆ ಎಂಬುದು ಅವಳಿಗೂ ತಿಳಿಯಲಿ ಎಂಬ ಆಸೆ, ಅಷ್ಟೇ.

ಆದರೆ ಆ ಕಾಲದಲ್ಲಿ ಗಲ್ಫಿನಿಂದ ಕರಾವಳಿಗೆ ಹೋಗುತ್ತಿದ್ದ ಕ್ಯಾಸೆಟ್ಟುಗಳೆಂದರೆ ಮಾತಿನ ಕ್ಯಾಸೆಟ್ಟುಗಳು. ಗಂಡ ಇಲ್ಲಿ ಮಾತು ತುಂಬಿ ಕಳುಹಿಸುವುದು, ಮನೆಯವರೆಲ್ಲ ಸುತ್ತ ಕುಳಿತು ಕೇಳುವುದು, ಅದರ ಮೇಲೆಯೇ ಹೆಂಡತಿ ತನ್ನ ಮಾತು ತುಂಬಿ ಹಿಂದಕ್ಕೆ ಕಳುಹಿಸುವುದು. ಒಂದೇ ಕ್ಯಾಸೆಟ್ಟು ಸಮುದ್ರದ ಮೇಲೆ ಹೋಗಿ ಬಂದು, ಹೋಗಿ ಬಂದು ಸವೆಯುತ್ತಿತ್ತು. ಹಾಡಿನ ಕ್ಯಾಸೆಟ್ಟಿನ ನೆತ್ತಿಯಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಅವನ್ನು ಮುಚ್ಚದೆ ಅದರ ಮೇಲೆ ಬೇರೇನನ್ನೂ ತುಂಬಲಾಗದು. ಆ ಉಪಾಯ ಎಲ್ಲ ಮನೆಗಳ ಹೆಂಗಸರಿಗೂ ಗೊತ್ತಿತ್ತು. ಕಾಕಾರ ಹೆಂಡತಿ ಗಾಯಕ್ಕೆ ಹಾಕುವ ಪ್ಲಾಸ್ಟರನ್ನು ಕತ್ತರಿಸಿ ತೂತುಗಳಿಗೆ ಅಂಟಿಸಿದರು, ಗಂಡನ ಅಚ್ಚುಮೆಚ್ಚಿನ ಆಲ್ಬಮ್ಮಿನ ಮೇಲೆ ಮಾತಾಡಿದರು.

"ಟೇಪು ತಿರುಗ್ತಾ ಉಂಟಲ್ಲಾ? ಇದರಲ್ಲಿ ಯಾರೋ ಕುಡುಕರು ಬೊಬ್ಬೆ ಹಾಕ್ತಿದ್ರು. ನೀವು ಗೊತ್ತಿಲ್ಲದೆ ಕಳಿಸಿದ್ದಿರಬೇಕು, ಅಳಿಸಿಬಿಡ್ತೇನೆ..." ಹೀಗೆ ಆರಂಭವಾಗುತ್ತಿತ್ತಂತೆ ಆಕೆಯ ಮಾತು. ಅವರಾಡಿದ್ದು ಬ್ಯಾರಿ ಭಾಷೆಯಲ್ಲಿ. ಕಾಕಾ ನನಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು. ಬಾವಿಗೆ ಹೊಸ ರಾಟೆ ಹಾಕಿಸಿದ್ದು, ನೆರೆಮನೆಯ ಬುಟ್ಟಿಯಲ್ಲಿ ಕಾವು ಕೂತ ಕೋಳಿಗಾಗಿ ಜಗಳವಾದದ್ದು, ಮಗಳಿಗೆ ಮೊದಲ ಹಲ್ಲು ಮೂಡಿದ್ದು. ಮಗು ಅಲ್ಲೇ ಎಲ್ಲೋ ಅತ್ತಿತು. "ಈಗ ಬಂದೆ" ಎಂದು ಆಕೆ ಗುಂಡಿ ಒತ್ತಿ ಎದ್ದುಹೋದರು. ಮರಳಿ ಬಂದು ಮಾತು ಮುಂದುವರಿಸುವ ಮೊದಲೇ ಊರಿನಿಂದ ಹೊರಟವರ ಕೈಯಲ್ಲಿ ಮನೆಯವರು ಕ್ಯಾಸೆಟ್ಟನ್ನು ಕೊಟ್ಟುಬಿಟ್ಟಿದ್ದರು. ಹಾಗಾಗಿ "ಈಗ ಬಂದೆ" ಎಂದ ಮರುಕ್ಷಣವೇ ಡ್ರಮ್ಮು, ಕೂಗು, ಕೇಕೆ... ಮೊದಲ ಸಲ ಕೇಳಿದಾಗ ಕಾಕಾ ಹೊಟ್ಟೆ ಹಿಡಿದು ನಕ್ಕಿದ್ದರಂತೆ. ಅದೇ ಮಳೆಗಾಲದಲ್ಲಿ ಜ್ವರ ಬಂದು ಆಕೆ ತೀರಿಕೊಂಡರು.

ಅಂದಿನಿಂದ ಅದು ಅವರ ಶುಕ್ರವಾರ. ಮಾತಿನ ಭಾಗಕ್ಕೆ ಸದ್ದನ್ನು ಇಳಿಸಿ, ಹಾಡಿನ ಭಾಗಕ್ಕೆ ಏರಿಸಿ ಕೇಳುವುದು. ನನಗೂ ಆ ಸ್ವರವನ್ನು ಅವರು ಕೇಳಿಸಲಿಲ್ಲ; ನಾನು ಕೇಳಬೇಕೆಂದು ಬಯಸಲೂ ಇಲ್ಲ. ಮನೆಯ ಹೆಣ್ಣಿನ ಸ್ವರ ಹೊರಗಿನವರ ಕಿವಿಗೆ ಬೀಳಬಾರದು ಎಂಬುದು ಅವರ ಮರ್ಯಾದೆ. ಹೆಂಡತಿಯ ಹೆಸರನ್ನು ಅವರ ಬಾಯಿಂದ ನಾನೆಂದೂ ಕೇಳಲಿಲ್ಲ. ಪ್ರತಿ ಮಾಡಿಸಿಡಿ ಎಂದು ಹಲವು ಬಾರಿ ಹೇಳಿದ್ದೆ. ಪ್ರತಿ ಮಾಡುವವನು ಕೇಳುತ್ತಾನಲ್ಲ, ಎಂಬುದು ಅವರ ಒಂದೇ ಉತ್ತರ. ಊರಿಗೂ ಒಯ್ಯುತ್ತಿರಲಿಲ್ಲ, ವಿಮಾನ ನಿಲ್ದಾಣದಲ್ಲಿ ಯಾರಾದರೂ ತಪಾಸಣೆಗೆಂದು ಹಾಕಿ ಕೇಳಿಬಿಟ್ಟರೆ? ಹೀಗಾಗಿ ಅಜ್ಜಿಯ ಮಡಿಲಲ್ಲಿ ಬೆಳೆದ ಮಗಳು ತಾಯಿಯ ಸ್ವರವನ್ನು ಅರಿಯದೆಯೇ ದೊಡ್ಡವಳಾದಳು, ಮದುವೆಯಾದಳು. ಅವಳಿಗೆ ಹೆಣ್ಣು ಮಗು ಹುಟ್ಟಿದ ಮೇಲೆ ಒಂದು ದಿನ ಫೋನಿನಲ್ಲಿ, "ಉಪ್ಪಾ, ನನಗೆ ಉಮ್ಮನ ಸ್ವರ ಒಮ್ಮೆ ಕೇಳ್ಬೇಕು" ಎಂದಳು. ಫೋನಿನಲ್ಲಿ ಕೇಳಿಸಿದರೆ ಇನ್ನಾರ ಕಿವಿಗೆ ಬೀಳುತ್ತದೋ ಎಂದು ಕಾಕಾ ಅವಳಿಗೆ ವಿಸಿಟ್ ವೀಸಾ ಮಾಡಿಸಿದರು.

ಅವಳು ಬರುವ ಹಿಂದಿನ ವಾರ ಕಾಕಾ ಎಂದಿನಂತೆ ಸ್ಪಿರಿಟ್ಟಿನಿಂದ ಎಲ್ಲವನ್ನೂ ಒರೆಸಿ ಕ್ಯಾಸೆಟ್ಟನ್ನು ಹಾಕಿದರು. ಯಂತ್ರ ಅದನ್ನು ನುಂಗಿತು. ನಾನು ಹೋದಾಗ ಕಂದು ರಿಬ್ಬನ್ನು ಕರುಳಿನಂತೆ ಹೊರಗೆ ಜೋತಾಡುತ್ತಿತ್ತು; ತುಂಡಾದ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಅವರು ನಿಂತೇ ಇದ್ದರು. ಗಿರಾಕಿಗಳು ಹಾಲಿನ ಪೊಟ್ಟಣ ಹಿಡಿದು ಕಾದು ಕಾದು ಹೊರಟುಹೋದರು.

ಪಕ್ಕದ ದ್ವೀಪವಾದ ಮುಹರ್ರಕ್‌ನ ಮಾರುಕಟ್ಟೆಯ ಓಣಿಯಲ್ಲಿ ಹಳೆಯ ಟೇಪುಗಳನ್ನು ಸರಿಪಡಿಸಿ ಸಿಡಿಗೆ ಇಳಿಸಿಕೊಡುವ ಗೋವೆಯವನೊಬ್ಬನಿದ್ದ. ಅಲ್ಲಿಗೆ ಟ್ಯಾಕ್ಸಿಯಲ್ಲಿ ಹೋಗುತ್ತ, ಸಮುದ್ರದ ಮೇಲಿನ ಕಾಸ್‌ವೇ ರಸ್ತೆ ದಾಟುವಷ್ಟೂ ಹೊತ್ತು ನಾನು ವಾದಿಸಿದೆ. ಟೇಪಿನಲ್ಲಿ ಏನಿದೆಯೆಂದು ಅವನಿಗೆ ಮೊದಲೇ ತಿಳಿಸಬೇಕು. ವೈದ್ಯನಿಂದ ರೋಗವನ್ನು ಮುಚ್ಚಿಡುವವರುಂಟೇ. ಹೆಣ್ಣಿನ ಸ್ವರವಿದೆ ಎನ್ನುವುದರಲ್ಲಿ ಅವಮಾನವೇನು?

"ನಿಮ್ಮದು ಸ್ಟೇಜಿನ ಮಾತು ಮಾಸ್ಟ್ರೇ. ಇದು ಸ್ಟೇಜಿನದ್ದಲ್ಲ."

"ಅವನು ಸರಿಮಾಡುವಾಗ ಹೇಗಿದ್ರೂ ಕೇಳ್ತಾನಲ್ಲ ಕಾಕಾ?"

"ಕೇಳಿದ್ರೆ ಯಾರದ್ದೋ ಸ್ವರ ಅಂತ ಕೇಳ್ತಾನೆ. ನನ್ನವಳದ್ದು ಅಂತ ನಾನೇ ಹೇಳಿ ಕೇಳಿಸುವುದು ಬೇಡ. ನೀವೂ ಹೇಳ್ಬಾರ್ದು. ಆಣೆ ಹಾಕಿ."

ಆಣೆ ಹಾಕಿದೆ. ಹಾಕದಿದ್ದರೆ ಅವರು ಟ್ಯಾಕ್ಸಿಯನ್ನು ಹಿಂದಕ್ಕೆ ತಿರುಗಿಸುತ್ತಿದ್ದರು.

ಗೋವೆಯವನು ಕ್ಯಾಸೆಟ್ಟಿನ ಹೆಸರು ಓದಿದ್ದೇ ತಡ, ಮುಖವರಳಿಸಿದ. ತನ್ನ ಯೌವನವೇ ಎದುರು ಬಂದಂತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಕ್ಯಾ ಬಾತ್ ಹೈ ಚಾಚಾ! ಆಪ್ ಭೀ ಯೇ ಸುನ್ತೇ ಹೈಂ?" ನೀವೂ ಇದನ್ನು ಕೇಳುತ್ತೀರಾ ಎಂದು ಬೆರಗಾದ. ಯಾವ ಬೆಲೆ ತೆತ್ತಾದರೂ ಇದು ಉಳಿಯಬೇಕು, ಎಂದಷ್ಟೇ ಕಾಕಾ ಹೇಳಿದರು. ಫಿಕರ್ ಬೇಡ, ಹೊಸದರಂತೆ ಮಾಡಿಕೊಡುತ್ತೇನೆ ಎಂದು ಅವನು ಎದೆ ಮುಟ್ಟಿಕೊಂಡ.

ಅವನು ತನ್ನ ಮಾತಿನಂತೆಯೇ ನಡೆದುಕೊಂಡ.

ನಾವು ಮತ್ತೆ ಹೋದಾಗ ಕ್ಯಾಸೆಟ್ಟು ಮೇಜಿನ ಮೇಲೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಒಂದು ಸಿಡಿ. ಟೇಪು ಪುಡಿಯಾಗಿ ಉದುರುತ್ತಿತ್ತು, ಅದೂ ಅಲ್ಲದೆ ಯಾರೋ ಮೊದಲ ಅರ್ಧದ ಮೇಲೆ ಮಾತಾಡಿ ಹಾಡುಗಳನ್ನೆಲ್ಲ ಕೆಡಿಸಿಬಿಟ್ಟಿದ್ದರು, ಎಂದು ಅವನು ಅನುಕಂಪದಿಂದ ವಿವರಿಸಿದ. ಅವನ ಬಳಿ ಅದೇ ಆಲ್ಬಮ್ಮಿನ ಎಲ್‌ಪಿ ರೆಕಾರ್ಡು ಇತ್ತು. ಅದರಿಂದ ಎಲ್ಲವನ್ನೂ ಹೊಸ ಟೇಪಿಗೆ ಇಳಿಸಿ, ಅದೇ ಹಳೆಯ ಪೆಟ್ಟಿಗೆಯೊಳಗೆ ಸುತ್ತಿಟ್ಟಿದ್ದ. ನೆತ್ತಿಯ ಮೇಲಿನ ಕೊಳಕು ಪ್ಲಾಸ್ಟರನ್ನು ಕಿತ್ತು, ಅಂಟನ್ನು ಸ್ಪಿರಿಟ್ಟಿನಿಂದ ಉಜ್ಜಿ ತೆಗೆದಿದ್ದ.

"ಪುರಾನಾ ಟೇಪ್ ಕಹಾಂ ಹೈ?" ಎಂದು ಕಾಕಾ ಕೇಳಿದರು. ಅವರ ಸ್ವರ ಬಹಳ ಶಾಂತವಾಗಿತ್ತು.

ಕಸಕ್ಕೆ ಹಾಕಿದೆ, ಎಂದ ಅವನು, ಇನ್ನೂ ನಗುತ್ತಲೇ.

ಆ ಮಧ್ಯಾಹ್ನದ ಬಿಸಿಲನ್ನು ನಾನು ಮರೆಯಲಾರೆ. ಓಣಿಯ ತುದಿಯ ಕಸದ ಪೆಟ್ಟಿಗೆಯೊಳಕ್ಕೆ ಕಾಕಾ ಇಳಿದೇಬಿಟ್ಟರು. ಮೀನಿನ ಮುಳ್ಳು, ಕೊಳೆತ ಟೊಮೇಟೊ, ಮುರಿದ ಕುರ್ಚಿಯ ಕಾಲು... ಒಂದೊಂದು ಚೀಲವನ್ನೂ ಹರಿದು ನೆಲಕ್ಕೆ ಸುರಿದೆವು. ಒಮ್ಮೆ ಕಂದು ರಿಬ್ಬನ್ನೊಂದು ಸಿಕ್ಕಿತು. ಕಾಕಾ ಅದನ್ನು ತುಟಿಗೆ ಒತ್ತಿಕೊಂಡರು. ಗೋವೆಯವನು ತನ್ನ ಅಂಗಡಿಗೆ ಒಯ್ದು ಹಾಕಿ ನೋಡಿದರೆ ಅದು ಯಾರದೋ ಅರಬ್ಬಿ ಹಾಡು. ಕಸದ ಲಾರಿ ಆ ಬೆಳಿಗ್ಗೆ ಬಂದುಹೋಗಿತ್ತೆಂದು ಎದುರಿನ ಅಂಗಡಿಯವರು ಹೇಳಿದ ಮೇಲೂ ಕಾಕಾ ಹುಡುಕುವುದನ್ನು ನಿಲ್ಲಿಸಲಿಲ್ಲ. ಗೋವೆಯವನ ಅಂಗಿಯೆಲ್ಲ ಕೊಳೆಯಾಗಿತ್ತು. "ಚಾಚಾ, ಉಸ್ ಮೇಂ ಥಾ ಕ್ಯಾ?" ಅದರಲ್ಲಿ ಇದ್ದದ್ದಾದರೂ ಏನು ಎಂದು ಅವನು ಅಳುವವನಂತೆ ಕೇಳುತ್ತಲೇ ಇದ್ದ. ಆಗಲೂ ಕಾಕಾ ಹೇಳಿದ್ದು ಇಷ್ಟೇ: "ಘರ್ ಕಾ ಆವಾಜ್ ಥಾ." ಮನೆಯ ಸ್ವರ.

ಹೆಣ್ಣಿನ ಸ್ವರವನ್ನು ಮುಚ್ಚಿಡುವ ಪದ್ಧತಿಯ ವಿರುದ್ಧ ನಾನು ಅದಕ್ಕೆ ಮೊದಲೂ ಮಾತಾಡಿದ್ದೆ, ಆಮೇಲೂ ಮಾತಾಡಿದ್ದೇನೆ. ಇಂದಿಗೂ ನನ್ನ ನಿಲುವು ಬದಲಾಗಿಲ್ಲ. ಆದರೆ ಆ ಮುಚ್ಚಿಡುವಿಕೆಯೇ ಒಬ್ಬ ಮನುಷ್ಯನ ಪ್ರೀತಿಯೂ ಆಗಿರಬಲ್ಲದು ಎಂಬುದಕ್ಕೆ ಯಾವ ವೇದಿಕೆಯ ಮೇಲೂ ನನಗೆ ಪ್ರತಿವಾದ ಸಿಕ್ಕಿಲ್ಲ.

ಮಗಳು ಬಂದಳು. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ಕುಳಿತಳು. ಕಾಕಾ ನನ್ನನ್ನೂ ಇರಲು ಹೇಳಿದರು. ಒಬ್ಬರೇ ಹೇಳಲು ಅವರಿಗೆ ಧೈರ್ಯವಿರಲಿಲ್ಲವೇನೋ. ನಡೆದದ್ದನ್ನು ಹೇಳಿದರು. ಆಮೇಲೆ, ಯಾಕೆಂದು ನನಗೆ ಮೊದಲು ತಿಳಿಯಲಿಲ್ಲ, ಗೋವೆಯವನು ಕೊಟ್ಟ ಕ್ಯಾಸೆಟ್ಟನ್ನು ಹಾಕಿದರು. ಕಾಲು ಕುಟ್ಟುವ ಸದ್ದು ಶುರುವಾಯಿತು. ಆ ಆಲ್ಬಮ್ಮಿನ ಮೊದಲ ಅರ್ಧವನ್ನು ಅವರು ಸಾಹೇಬನ ಕಾರಿನ ದಿನಗಳ ನಂತರ ಇದೇ ಮೊದಲ ಬಾರಿಗೆ ಕೇಳುತ್ತಿದ್ದರು.

ಹಾಡಿನ ಮೇಲೆಯೇ ಕಾಕಾ ಮಾತಾಡತೊಡಗಿದರು. ಬ್ಯಾರಿಯಲ್ಲಿ, ಹೆಂಡತಿಯ ಮಾತುಗಳನ್ನು, ಆಕೆ ನಿಂತಲ್ಲಿ ನಿಂತು, ಆಕೆ ಅವಸರಿಸಿದಲ್ಲಿ ಅವಸರಿಸಿ. ಟೇಪು ತಿರುಗುತ್ತಿದೆಯಾ. ಕುಡುಕರ ಬೊಬ್ಬೆ. ಬಾವಿಯ ರಾಟೆ. ಅರ್ಧಂಬರ್ಧ ತಿಳಿದರೂ ಎಲ್ಲಿ ಏನು ಬರುತ್ತದೆಂದು ನನಗೆ ಗೊತ್ತಿತ್ತು. ಕೋಳಿಯ ಜಗಳ ಬಂದಾಗ ಮಗಳು ಕಣ್ಣೀರಿನ ನಡುವೆಯೇ ಫಕ್ಕನೆ ನಕ್ಕಳು. ಹಲ್ಲು ಮೂಡಿದ ಮಾತಿಗೆ ತನ್ನ ಮಗುವಿನ ತುಟಿಯನ್ನು ಮುಟ್ಟಿಕೊಂಡಳು. "ಈಗ ಬಂದೆ" ಎಂದು ಕಾಕಾ ಸುಮ್ಮನಾದರು. ಒಳಗೆ ಇಂಗ್ಲೆಂಡಿನ ಆ ಹುಡುಗರು ಕೇಕೆ ಹಾಕುತ್ತಲೇ ಇದ್ದರು. ಮೊದಲಿನಂತೆ ಆ ಮಾತು ಮುಗಿದಲ್ಲಿ ಹಾಡು ಸಿಡಿಯಲಿಲ್ಲ, ಸಂತೋಷವೊಂದು ಸುಮ್ಮನೆ ಮುಂದುವರಿಯಿತು.

"ಸ್ವರ ಹೇಗಿತ್ತು ಉಪ್ಪಾ?" ಎಂದು ಮಗಳು ಕೇಳಿದಳು.

ಕಾಕಾ ಬಾಯಿ ತೆರೆದರು. ಆಮೇಲೆ ಕೈ ಚಾಚಿ, ಹಾಡಿನ ಸದ್ದನ್ನು ಏರಿಸಿದರು.

ಎರಡು ವರ್ಷಗಳ ನಂತರ ಅವರು ಅಂಗಡಿಯನ್ನು ಬಿಟ್ಟುಕೊಟ್ಟು ಊರಿಗೆ ಹೋದರು. ಹೆಚ್ಚು ಕಾಲ ಬದುಕಲಿಲ್ಲವೆಂದು ಕೇಳಿದೆ. ಆ ಜಾಗದಲ್ಲಿ ಈಗ ಒಂದು ಕೆಫೆಯಿದೆ. ಹಳೆಯ ಇಂಗ್ಲಿಷ್ ಹಾಡುಗಳನ್ನು ಹಾಕುತ್ತಾರೆ. ಕ್ಲಿನಿಕ್ಕಿನಿಂದ ಮರಳುವಾಗ ಅದರ ಮುಂದೆ ಹಾದುಬಂದೆ. ಆ ಆಲ್ಬಮ್ಮೇ ನುಡಿಯುತ್ತಿತ್ತೆಂದು ಬರೆದರೆ ಕಥೆಗೆ ಒಪ್ಪುತ್ತಿತ್ತು, ಆದರೆ ಬೇರೇನೋ ನುಡಿಯುತ್ತಿತ್ತು. ಆ ಆಲ್ಬಮ್ ಬೇಕೆಂದರೆ ಯಾರ ಫೋನಿನಲ್ಲೂ ಕ್ಷಣಮಾತ್ರದಲ್ಲಿ ಸಿಗುತ್ತದೆ, ಒಂದು ಕೇಕೆಯೂ ಕಳೆದುಹೋಗದೆ. ಅದರ ಮೇಲೆ ಮಾತಾಡಿದ ಹೆಂಗಸಿನ ಹೆಸರು ನನಗೆ ತಿಳಿಯದು, ಸ್ವರ ತಿಳಿಯದು. ಬಾವಿಯ ರಾಟೆ, ಕೋಳಿ, ಹಲ್ಲು... ಇವುಗಳ ನಡುವೆ ಇನ್ನೇನೋ ಒಂದಿತ್ತು. ಕಾಕಾ ಹೇಳಿದ್ದರು. ನೆನಪಾಗುತ್ತಿಲ್ಲ.

ಮನೆಗೆ ಬಂದು ತೋಳು ಮಡಚಿದಾಗ ಪ್ಲಾಸ್ಟರು ಚರ್ಮವನ್ನು ಎಳೆಯಿತು. ರಕ್ತ ನಿಂತು ಬಹಳ ಹೊತ್ತಾಗಿತ್ತು. ಅದನ್ನು ಕೀಳಲು ನನಗೆ ಕೈ ಬರಲಿಲ್ಲ.