ನೀರಿಗಿಂತ ಕಡಿಮೆ

ಜಯನಗರದ ಕಾಲೇಜೊಂದರ ಆ ಕೊಠಡಿಯಲ್ಲಿ ಇದ್ದವರು ನಾವು ಮೂವರೇ. ಕಣ್ಣು ಕಾಣದ ಹುಡುಗಿ, ಅವಳು ಹೇಳಿದ್ದನ್ನು ಬರೆಯಲು ಹೋದ ನಾನು, ಬಾಗಿಲ ಬಳಿ ಮೇಲ್ವಿಚಾರಕರು. ಬೆಳಗಿನ ಅಡುಗೆ ಮುಗಿಸಿ, ಹುಳಿ ಮುಚ್ಚಿಟ್ಟು, ಎರಡು ಪೆನ್ನು ಚೀಲಕ್ಕೆ ಹಾಕಿಕೊಂಡು ಶ್ರೀನಗರದಿಂದ ಬಸ್ಸು ಹಿಡಿದಿದ್ದೆ.

ಹುಡುಗಿ ವಿಜಯಪುರದ ಕಡೆಯವಳು, ಬಿಟಿಎಂನ ಪಿಜಿಯೊಂದರಲ್ಲಿ ವಾಸ. ಬಿ.ಎ. ಓದುತ್ತಲೇ ಆಸೆಪಟ್ಟು ಖಗೋಳ ವಿಜ್ಞಾನ ತೆಗೆದುಕೊಂಡಿದ್ದಳು. ಹೋದ ಸಲ ಅದರಲ್ಲೇ ಫೇಲು. ಅಂದು ಬರೆಯಲು ಬಂದಿದ್ದ ಯಾರೋ ಪುಣ್ಯಾತ್ಮರು ಅವಳು ಹೇಳಿದ್ದನ್ನು ತಮಗೆ ತಿಳಿದಂತೆ ತಿದ್ದಿ ಬರೆದಿದ್ದರಂತೆ. ಈಗ ಬಿ.ಎಡ್. ಸೀಟು ಸಿಕ್ಕಿತ್ತು, ಇದೊಂದು ಪತ್ರಿಕೆ ಪಾಸಾದರೆ ಮಾತ್ರ.

ಬರೆಯುವವರು ಆ ವಿಷಯ ಓದಿರಬಾರದು ಅಂತ ನಿಯಮ. ನಾನು ಬಿ.ಕಾಂ. ಓದಿದವಳು. ಪ್ರಶ್ನೆ ಓದಬಹುದು, ಹೇಳಿದ್ದು ಬರೆಯಬಹುದು, ಕೇಳಿದರೆ ಬರೆದದ್ದನ್ನು ಓದಿ ಹೇಳಬಹುದು. ಅಷ್ಟೇ.

ಕೊನೆಯ ದೊಡ್ಡ ಪ್ರಶ್ನೆ: ವಸ್ತು ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಆಗಲು ಎಷ್ಟು ಸಾಂದ್ರವಾಗಿರಬೇಕು?

ಅವಳು ನಿಧಾನವಾಗಿ ಹೇಳತೊಡಗಿದಳು. ಇಡೀ ಭೂಮಿಯನ್ನು ಹಿಂಡಿ ಒಂದು ಗೋಲಿಯಷ್ಟು ಮಾಡಿದರೆ ಅದು ಕಪ್ಪುಕುಳಿ. ಸೂರ್ಯನಾದರೆ ಮೂರು ಕಿಲೋಮೀಟರ್ ತ್ರಿಜ್ಯಕ್ಕೆ ಕುಗ್ಗಬೇಕು. ಇಲ್ಲಿಂದ ಬನಶಂಕರಿ ಬಸ್ ಸ್ಟ್ಯಾಂಡಿನಷ್ಟು ದೂರ, ಅಂದುಕೊಳ್ಳುತ್ತಾ ಬರೆದೆ. ಆಮೇಲೆ ಅವಳು, ನೂರು ಕೋಟಿ ಸೂರ್ಯರಷ್ಟು ದ್ರವ್ಯರಾಶಿ ಒಂದೆಡೆ ಸೇರಿದರೆ ಸರಾಸರಿ ಸಾಂದ್ರತೆ ನೀರಿಗಿಂತ ಕಡಿಮೆ ಇದ್ದರೂ ಸಾಕು, ಎಂದಳು.

ಈಗ ತಾನೇ ಭೂಮಿಯನ್ನು ಗೋಲಿ ಮಾಡಿದವಳು ನೀರಿಗಿಂತ ಕಡಿಮೆ ಅಂತಾಳಲ್ಲ! ಆದರೂ ಕೈ ನಿಲ್ಲಿಸಲಿಲ್ಲ, ಬರೆದೆ.

ಅಷ್ಟರಲ್ಲಿ ಮೇಲ್ವಿಚಾರಕರು ಅಡ್ಡಾಡುತ್ತಾ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಆ ಸಾಲಿಗೆ ಬಂದವರೇ ‘ಚ್ಚ್’ ಅಂದು ಮುಂದೆ ಹೋದರು.

ಹುಡುಗಿಯ ಮುಖ ಬಿಳಿಚಿಕೊಂಡಿತು. ಅಷ್ಟು ಸಣ್ಣ ಸದ್ದು ಅವಳಿಗೆ ತಪ್ಪುತ್ತದೆಯೇ? ಬೆರಳುಗಳು ಡೆಸ್ಕಿನ ಅಂಚು ಹಿಡಿದುಕೊಂಡವು.

“ಅಕ್ಕಾರ, ಆ ಕಡೀ ಸಾಲು ಹೊಡದು ಹಾಕ್ರಿ.”

ಆ ಮೇಲ್ವಿಚಾರಕರು ಇತಿಹಾಸದ ಮೇಷ್ಟ್ರು. ಅವಳು ಬರುವ ಮೊದಲೇ ಕಾರಿಡಾರಿನಲ್ಲಿ, ಸೈನ್ಸಿಗೂ ನನಗೂ ಹತ್ತನೇ ಕ್ಲಾಸಿಗೇ ಡೈವೋರ್ಸ್ ಆಯ್ತು ಮೇಡಂ, ಅಂತ ನಗಾಡಿದ್ದರು. ಅವಳಿಗೆ ಅದು ಗೊತ್ತಿಲ್ಲ. ಹೇಳೋಣವೆಂದರೆ ಅದೂ ಸೂಚನೆ ಕೊಟ್ಟಂತೆ, ಪತ್ರಿಕೆಯೇ ರದ್ದಾದೀತು. ಅದಿರಲಿ, ಅವಳ ಸಾಲು ಸರಿಯೋ ತಪ್ಪೋ ನನಗಾದರೂ ಏನು ಗೊತ್ತು? ಪೆನ್ನು ಸಾಲಿನ ಮೇಲಿಟ್ಟೆ. ಗೀಟು ಇನ್ನೂ ಎಳೆದಿರಲಿಲ್ಲ.

“ತಡೀರಿ,” ಅಂದಳು. “ಮದಲ ಒಮ್ಮೆ ಓದ್ರಿ.”

ಓದಿದೆ. ದನಿ ಎಲ್ಲಿ ಏರಿ ಸುಳಿವು ಕೊಟ್ಟೀತೋ ಎಂದು ರೇಷನ್ ಕಾರ್ಡ್ ಓದಿದ ಹಾಗೆ ಓದಿದೆ. ಅವಳು ಕಣ್ಣು ಮುಚ್ಚಿ, ಬದಿಯಲ್ಲಿ ಕಚ್ಚಾ ಲೆಕ್ಕ ಬರೆಯಿರಿ ಎಂದಳು. ದ್ರವ್ಯರಾಶಿ ಎರಡು ಪಟ್ಟಾದರೆ ತ್ರಿಜ್ಯವೂ ಎರಡು ಪಟ್ಟು. ಗಾತ್ರ ಮಾತ್ರ ಎಂಟು ಪಟ್ಟು. ಎರಡು ಪಟ್ಟು ಸಾಮಾನು ಎಂಟು ಪಟ್ಟು ಜಾಗದಲ್ಲಿ ಹರಡಿದರೆ ಸಾಂದ್ರತೆ ಕಾಲು ಭಾಗ. ದೊಡ್ಡದಾದಷ್ಟೂ ತೆಳು.

ಮೇಲ್ವಿಚಾರಕರು ಗಡಿಯಾರ ನೋಡಿ, ಬೇಗ ಮುಗಿಸಿ ಎಂದರು. ಅವಳ ತುಟಿ ಅಲುಗುತ್ತಲೇ ಇತ್ತು. ನಾನು ಉಸಿರು ಬಿಡಲೂ ಹೆದರಿ ಕೂತಿದ್ದೆ. ಉಸಿರನ್ನೂ ಅವಳು ಉತ್ತರವೆಂದು ತಿಳಿದುಬಿಟ್ಟರೆ?

“ಹೊಡೀಬ್ಯಾಡ್ರಿ. ಹಂಗ ಇರ್ಲಿ. ಈ ಲೆಕ್ಕನೂ ಅದರ ಕೆಳಗ ಬರೀರಿ. ಕಪ್ಪುಕುಳಿಗೆ ಇಷ್ಟೇ ಸಾಂದ್ರತೆ ಬೇಕು ಅಂತ ಒಂದು ಲೆಕ್ಕ ಇಲ್ಲ ಅಂತನೂ ಬರೀರಿ.”

ಗಂಟೆ ಹೊಡೆಯುವಷ್ಟರಲ್ಲಿ ಬರೆದು ಮುಗಿಸಿದೆ.

ಗೇಟಿನವರೆಗೆ ನನ್ನ ಮೊಣಕೈ ಹಿಡಿದು ಬಂದಳು. ನಿಮಗೇನು ಅನ್ನಿಸ್ತು, ಖರೇ ಹೇಳ್ರಿ, ಅಂದಳು. ಪರೀಕ್ಷೆ ಮುಗಿದಿತ್ತಲ್ಲ, ಹೇಳಿದೆ: ಪೂರ್ತಿ ತಪ್ಪು ಅಂದುಕೊಂಡಿದ್ದೆ ಕಣಮ್ಮ.

“ತಪ್ಪು ಅನಿಸಿದ್ರೂ ಹಂಗ ಬರದ್ರಿ?”

“ನೀನು ಹೇಳಿದ್ಯಲ್ಲ.”

ಅವಳು ಜೋರಾಗಿ ನಕ್ಕು, ಆಟೋ ಬರುವವರೆಗೂ ನನ್ನ ಕೈ ಬಿಡಲಿಲ್ಲ. ಫಲಿತಾಂಶ ಬಂದ ದಿನ ಫೋನ್ ಮಾಡಿದಳು. ಪಾಸು. ಬಿ.ಎಡ್. ಪರೀಕ್ಷೆಗೂ ನೀವೇ ಬರಬೇಕು ಅಕ್ಕಾರ, ಈಗ್ಲೇ ಹೇಳೀನಿ, ಅಂದಳು.