ಕತ್ತರಿಸಿದ ಅರ್ತ್ ಪಿನ್

ತಂಗಿಯ ಒಂದು ಕೈ ಗಿಟಾರಿನ ತಂತಿಯ ಮೇಲಿತ್ತು, ಇನ್ನೊಂದು ಮೈಕಿನ ಮೇಲೆ. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಕರೆಂಟ್ ಹಿಡಿದಿದೆ ಎಂದು ಹೊಳೆದ ಕೂಡಲೇ ಸ್ವಿಚ್ ಆರಿಸಿದೆ. ಅವಳು ಸ್ಟೂಲಿನಿಂದ ಕೆಳಗೆ ಬಿದ್ದಳು.

ಮನೆಯಲ್ಲಿ ಗಿಟಾರ್ ರೆಕಾರ್ಡ್ ಮಾಡಲು ಅವಳಿಗೊಂದು ಮೈಕ್ ಬೇಕಿತ್ತು. ಚಾಮರಾಜಪೇಟೆಯ ವಾದ್ಯದ ಅಂಗಡಿಯೊಂದರಲ್ಲಿ ಗಿಟಾರನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಎದುರಿಗೆ ಒಂದೊಂದೇ ಮೈಕ್ ಇಟ್ಟು, ಯಾವುದರಲ್ಲಿ ನಾದ ಚೆನ್ನಾಗಿ ಬರುತ್ತದೆಂದು ನೋಡುತ್ತಿದ್ದಳು. ವಾದ್ಯಗಳಿರುವ ಜಾಗ, ಸರಸ್ವತಿ ಎಂದು ನಮ್ಮ ಚಪ್ಪಲಿಗಳನ್ನು ಹೊರಗೇ ಬಿಡಿಸಿದ್ದರು. ಆಗಷ್ಟೇ ಒರೆಸಿದ ನೆಲ ಇನ್ನೂ ಒದ್ದೆಯಿತ್ತು.

“ಏನೂ ಆಗಲ್ಲಮ್ಮಾ, ಸ್ವಲ್ಪ ಜುಮ್ ಅನ್ನತ್ತೆ ಅಷ್ಟೆ. ನಮಗೆ ದಿನಾ ಹೊಡಿಯತ್ತೆ,” ಎಂದರು ಅಂಗಡಿಯವರು, ಕುರ್ಚಿಯಿಂದ ಏಳದೆ.

ಆಂಪ್ಲಿಫೈಯರಿನ ಪ್ಲಗ್ ಎಳೆದು ನೋಡಿದೆ. ಶಾಕ್ ಹೊಡೆಯದಂತೆ ಕಾಯುವ ಮೂರನೇ ಪಿನ್ನನ್ನು, ಅರ್ತ್ ಪಿನ್ನನ್ನು, ಬುಡದಲ್ಲೇ ಕತ್ತರಿಸಿದ್ದರು.

“ಇದನ್ನ ಯಾರು ಕಟ್ ಮಾಡಿದ್ದು?” ಎಂದು ಕೇಳಿದೆ.

“ನಾನೇ. ಹಳೇ ಬೋರ್ಡು, ಎರಡೇ ತೂತು, ಇನ್ನೇನ್ ಮಾಡ್ಲಿ? ಮೈಕ್ ಯಾವ್ದು ಕೊಡ್ಲಿ ಹೇಳಿ.”

ತಂಗಿಯನ್ನು ಹಿಡಿದುಕೊಂಡು ಹೊರಬಂದೆ. ಬಾಗಿಲಲ್ಲಿ ಕಾಲೇಜು ಹುಡುಗಿಯೊಬ್ಬಳು ಚಪ್ಪಲಿ ಬಿಚ್ಚುತ್ತಿದ್ದಳು. ಒಳಗಿನ ಪ್ಲಗ್ಗಿನ ಕಥೆ ಹೇಳಿ ಅವಳನ್ನು ತಡೆದಾಗ ಮಾತ್ರ ಅಂಗಡಿಯವರು ಕುರ್ಚಿಯಿಂದ ಎದ್ದರು. “ಗಿರಾಕಿ ಓಡಿಸ್ತೀರೇನ್ರೀ?” ಎಂದು ನನ್ನ ಮೇಲೆ ರೇಗಿದರು.

ತಂಗಿಯ ಬೆರಳಿನ ಸುಟ್ಟ ಗಾಯ ಮಾಗಿದೆ. ನನ್ನ ಸಿಟ್ಟು ಇಳಿದಿಲ್ಲ. ಈಗ ಅವಳು ಮನೆಯೊಳಗೂ ಚಪ್ಪಲಿ ಮೆಟ್ಟಿಕೊಂಡೇ ಗಿಟಾರ್ ಹಿಡಿಯುತ್ತಾಳೆ. ಹೊಸಿಲು ದಾಟಿ ಚಪ್ಪಲಿ ಬಂದರೆ ಸಹಿಸದ ಅಮ್ಮ, ನೋಡಿಯೂ ಸುಮ್ಮನಿದ್ದಾಳೆ.