ಅವರ ಹೆಸರು ಕೇಳಿದ ಮೊಬೈಲ್ ಅಕ್ಕೋರು

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರದ ಮಾತು. ನಮ್ಮ ಮನೆಯವರು ತೀರಿಕೊಂಡ ಮೇಲೆ ನಾನು ಮುಂಬಯಿಯ ಚೆಂಬೂರಿನ ಚಾಳಿನಲ್ಲಿ ಬ್ಲೌಸ್ ಹೊಲಿದು ದಿನ ಕಳೆಯುತ್ತಿದ್ದೆ. ಸುತ್ತ ದೊಡ್ಡ ಬಿಲ್ಡಿಂಗ್‌ಗಳು ಎದ್ದು, ಇಂಗ್ಲಿಷ್ ಮಾತಾಡುವ ಗಿರಾಕಿಗಳೇ ಹೆಚ್ಚಾಗಿದ್ದರು. ಮಗಳು ಸವಿತಾ ನನ್ನ ಮೊಬೈಲಿಗೆ ಇಂಗ್ಲಿಷ್ ಕಲಿಸುವ ಆ್ಯಪ್ ಹಾಕಿಕೊಟ್ಟಳು.

"ಇದು ಎಐ, ಮಮ್ಮಿ. ನಿನಗ ಬರಲಾರದ್ದನ್ನ ಮತ್ತ ಮತ್ತ ಕೇಳತೈತಿ. ಬಂದದ್ದನ್ನ ಬಿಟ್ಟು ಮುಂದ ಹೋಗತೈತಿ," ಎಂದಳು.

ನಮ್ಮ ವಿಜಯಪುರದ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎನ್ನುತ್ತೇವೆ. ಇದರದೂ ಹೆಣ್ಣುದನಿ, ನಾನೂ ಹಾಗೇ ಕರೆದೆ. ನಾನು ಹೊಲಿಗೆಯವಳೆಂದು ತಿಳಿದ ಮೇಲೆ ಅಕ್ಕೋರ ಪಾಠವೆಲ್ಲ ತೋಳು, ಲೈನಿಂಗ್, ಹುಕ್ಕಿನದೇ. ಅದೆಲ್ಲ ಬೇಗ ಬಂತು. ಒಂದು ಪ್ರಶ್ನೆ ಮಾತ್ರ ಅಡ್ಡ ನಿಂತಿತು. "ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?"

ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ನಮ್ಮಲ್ಲಿ ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಹೇಳಬೇಕಾದಾಗಲೂ ನಾನು ನಾಚಿ ತಲೆ ತಗ್ಗಿಸಿದ್ದೆ, ಅಕ್ಕನೇ ಹೇಳಿ ಪಾರು ಮಾಡಿದಳು. ಅವರ ಹೆಸರಿನ ಸದ್ದು ಅದರಲ್ಲಿದೆಯೆಂದು ಮಲ್ಲಿಗೆ ಎನ್ನಲೂ ಹಿಂಜರಿಯುತ್ತಿದ್ದೆ. ಮುಂಬಯಿಗೆ ಬಂದ ಮೇಲೆ ಇಲ್ಲಿಯವರಂತೆ ಅದನ್ನು ಮೋಗ್ರಾ ಅಂದು ಬಚಾವಾದೆ.

ಅವರು ರಿಫೈನರಿಯಲ್ಲಿ ವೆಲ್ಡರ್ ಆಗಿದ್ದರು. "ಒಮ್ಮೆರ ನನ್ನ ಹೆಸರ ಹೇಳ, ಕೇಳತೀನಿ," ಎಂದು ಇಪ್ಪತ್ತಾರು ವರ್ಷ ಕಾಡಿದರು. ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಎದೆನೋವೆಂದು ಪರೇಲಿನ ಆಸ್ಪತ್ರೆಗೆ ಕರೆದೊಯ್ದ ದಿನ ಕೌಂಟರಿನವರು, "ಪೇಶಂಟ್ ಕಾ ನಾಮ್?" ಎಂದರು. ನಾನು ಅವರ ಆಧಾರ್ ಕಾರ್ಡ್ ಮುಂದಿಟ್ಟೆ. ಸ್ಟ್ರೆಚರ್ ಮೇಲಿಂದಲೇ ಅವರು ನಕ್ಕರು. "ಇವತ್ತೂ ಹೇಳಲಿಲ್ಲಲ್ಲ ನೀ," ಎಂದರು. ನನ್ನೊಂದಿಗೆ ಅವರಾಡಿದ ಕೊನೆಯ ಮಾತು ಅದು.

ನಾನು ಸುಮ್ಮನಿದ್ದಷ್ಟೂ, ಇವಳಿಗೆ ಬರುವುದಿಲ್ಲವೆಂದು ಅಕ್ಕೋರು ದಿನಾ ಅದನ್ನೇ ಕೇಳತೊಡಗಿದರು. ನಿಧಾನವಾಗಿ ಕೇಳಿದರು, ಹಿಂದಿಯಲ್ಲಿ ಬಿಡಿಸಿ ಹೇಳಿದರು. ನನಗೋ ಸಿಟ್ಟು. ಮೊಬೈಲನ್ನು ಬೋರಲು ಹಾಕಿಡುತ್ತಿದ್ದೆ. ಒಂದು ಮಧ್ಯಾಹ್ನ ಮಾತ್ರ, ಏನನ್ನಿಸಿತೋ, ನಮ್ಮ ಮನೆಯವರ ಫೋಟೋದ ಕಡೆ ತಿರುಗಿ ಕುಳಿತು, ಮೈಕಿನ ಗುಂಡಿ ಒತ್ತಿ ಹೇಳಿಬಿಟ್ಟೆ.

"ಮೈ ಹಸ್ಬೆಂಡ್ಸ್ ನೇಮ್ ಈಸ್ ಮಲ್ಲಪ್ಪ."

ಎಷ್ಟು ಸುಲಭವಿತ್ತು. ಆಸ್ಪತ್ರೆಯ ಕೌಂಟರಿನಲ್ಲಿ ಇಷ್ಟು ಹೇಳಿದ್ದರೆ ಕೇಳಿಸಿಕೊಂಡಾದರೂ ಹೋಗುತ್ತಿದ್ದರು. ಹೊಲಿಗೆ ಮಷಿನ್ ಮೇಲೆ ತಲೆಯಿಟ್ಟು ಅತ್ತೆ. ಅಕ್ಕೋರು "ವೆರಿ ಗುಡ್" ಎಂದು ಮುಂದಿನ ಪಾಠಕ್ಕೆ ಹೋದರು.

ಆಮೇಲೆ ಆ ಪ್ರಶ್ನೆ ಬರಲೇ ಇಲ್ಲ. ವಾರಗಟ್ಟಲೆ ಕಾದೆ. ಅವರ ಹೆಸರು ಕೇಳುವವರು ಇನ್ನಾರೂ ಇಲ್ಲವಲ್ಲ ಎನಿಸಿ ಸಂಕಟವಾಯಿತು. ಪಾಠವನ್ನು ಮೊದಲಿನಿಂದ ಹಾಕಿಕೊಡು ಎಂದು ಸವಿತಾಳಿಗೆ ಹೇಳಿದೆ.

"ಇಷ್ಟ್ ಛಲೋ ಕಲತೀದಿ, ಮತ್ತ್ಯಾಕ ಮೊದಲಿಂದ?"

"ಮರತೀನವ್ವಾ," ಎಂದೆ.

ಈಗ ಅಕ್ಕೋರು ಕೇಳಿದಾಗ ನಾನು ಮೈಕಿನ ಗುಂಡಿ ಒತ್ತುವುದಿಲ್ಲ. ಫೋಟೋ ನೋಡುತ್ತಾ ಅವರಿಗೆ ಮಾತ್ರ ಕೇಳುವಂತೆ ಹೇಳುತ್ತೇನೆ. ನನಗಿನ್ನೂ ಬಂದಿಲ್ಲವೆಂದುಕೊಂಡು ಅಕ್ಕೋರು ಮರುದಿನ ಮತ್ತೆ ಕೇಳುತ್ತಾರೆ.